ಓಡಿಸುವವನೇ ಒಡೆಯ

ಕಳೆದ ಮಾಘಮಾಸದ ಒಂದು ಆದಿತ್ಯವಾರ ನಾವು ಉಡುಪಿಯಿಂದ ಮಟ್ಟುವಿಗೆ ಹೊರಟೆವು. ಹೆದ್ದಾರಿಯಲ್ಲಿ ತೆಂಕಣಕ್ಕೆ ಸಾಗಿ ಕಟಪಾಡಿಯಲ್ಲಿ ಪಡುವಣಕ್ಕೆ ಹೊರಳಿದರೆ, ತೆಂಗಿನ ತೋಟಗಳ ನಡುವಣ ಕಿರುದಾರಿಯು ಈ ಊರಿಗೆ ಮುಟ್ಟಿಸುತ್ತದೆ. ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ. ಇಲ್ಲಿ ಬೆಳೆಯುವ ಮಟ್ಟುಗುಳ್ಳವನ್ನು ಅರಿಯದ ಗೃಹಿಣಿಯು ಉಡುಪಿಯ ಸೀಮೆಯಲ್ಲಿ ಇರಲಾರಳು. ಇದರ ಬೀಜವನ್ನು ಶ್ರೀ ವಾದಿರಾಜಸ್ವಾಮಿಗಳು ಅನುಗ್ರಹಿಸಿದರೆಂದು ಪ್ರತೀತಿ. ೨೦೧೧ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಇದಕ್ಕೆ ದೊರೆಯಿತು. ನಾವು ಹೋದುದು ಗುಳ್ಳವನ್ನು ಕೊಳ್ಳಲೆಂದು. ಕೇಳಿಬಂದುದು ಬೇರೆಯೇ ಒಂದು ಕಥೆ.

ನಮ್ಮೊಡನೆ ಬಂದಿದ್ದ ಸೋದರಳಿಯನು ಮಣಿಪಾಲದಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿರುವವನು. ಅಲ್ಲಿಯ ವಿದ್ಯಾರ್ಥಿಗಳು ಓಟದ ಮೋಟಾರನ್ನು ತಾವೇ ಕಟ್ಟಿ ಸ್ಪರ್ಧೆಗೆ ಒಯ್ಯುವುದುಂಟು. ಆದಕಾರಣ ಅವನಿಗೆ ಅದೇ ಧ್ಯಾನ. ಗುಳ್ಳದ ಗದ್ದೆಯ ಬದುವಿನಲ್ಲಿ ನಿಂತೂ ಅದೇ ಮಾತು. “ಓಟದ ಮೋಟಾರು ಒಬ್ಬರದು, ಓಡಿಸುವವನು ಮತ್ತೊಬ್ಬ, ಇದು ಲೋಕದ ರೂಢಿ. ಆದರೆ ಆಸ್ಟ್ರೇಲಿಯದ ಜಾಕ್ ಬ್ರಾಬಮ್ ತನ್ನ ಹೆಸರಿನದೇ ಮೋಟಾರನ್ನು ತಾನೇ ಓಡಿಸಿ ೧೯೬೬ರಲ್ಲಿ ಜಗಜ್ಜೇತನಾದನು. ಅಂಥ ಗೆಲುವು ಮತ್ತಾರಿಗೂ ದಕ್ಕಿಲ್ಲ” ಎಂದನು.

ಗುಳ್ಳವನ್ನು ಕೊಯ್ಯುತ್ತಿದ್ದ ವೃದ್ಧ ರೈತರು ತಲೆಯೆತ್ತಿ ನಕ್ಕರು. “ಮಗಾ, ನಾನೂ ಒಂದು ಕಾಲಕ್ಕೆ ಅಂಥವನೇ. ನನ್ನದು ಮೋಟಾರಲ್ಲ, ಕೋಣ.”

ಕಟಪಾಡಿ ಬೀಡಿನ ಮೂಡು-ಪಡು ಜೋಡುಕರೆ ಕಂಬಳವನ್ನು ವಾಚಕರು ಕೇಳಿರಬಹುದು. ಕೆಸರುನೀರಿನ ಎರಡು ಕರೆಗಳಲ್ಲಿ ಎರಡು ಜೊತೆ ಕೋಣಗಳು ಏಕಕಾಲಕ್ಕೆ ಓಡುತ್ತವೆ. ಹೊರಡುವ ಕೊನೆಗೆ ಗಂತು ಎಂದೂ, ಓಟ ಮುಗಿಯುವ ಏರುದಿಬ್ಬಕ್ಕೆ ಮಂಜೊಟ್ಟಿ ಎಂದೂ ಹೆಸರು. ಸ್ಪರ್ಧೆಗಿಳಿಯುವುದು ಯಜಮಾನನ ಮನೆಯ ಹೆಸರಿನಲ್ಲಿ. ಓಡಿಸುವವನು ಸಾಮಾನ್ಯವಾಗಿ ಬೇರೆಯವನು. ೨೦೨೦ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ೧೪೨.೫ ಮೀಟರುಗಳನ್ನು ೧೩.೬೨ ಸೆಕೆಂಡುಗಳಲ್ಲಿ ಓಡಿದಾಗ ಲೋಕವೆಲ್ಲ ಓಟಗಾರನನ್ನು ಕೊಂಡಾಡಿತು. ಕೋಣಗಳು ಯಾರ ಹಟ್ಟಿಯವೆಂದು ಕೇಳಿದವರು ವಿರಳ.

ವೃದ್ಧರು ಜಗಲಿಯಲ್ಲಿ ನಮ್ಮನ್ನು ಕುಳ್ಳಿರಿಸಿ, ಬೆಲ್ಲ-ನೀರು ಕೊಟ್ಟು, ತಮ್ಮ ವೃತ್ತಾಂತವನ್ನು ಹೇಳಿದರು. ಅವರ ತಂದೆ ಗೇಣಿ ಒಕ್ಕಲು. ಧಣಿಗಳ ಕೋಣಗಳನ್ನು ಓಡಿಸುತ್ತಿದ್ದವರು. ಗೆದ್ದರೆ ಕೀರ್ತಿ ಧಣಿಗಳಿಗೆ, ಬಿದ್ದರೆ ನೋವು ಇವರಿಗೆ. ೧೯೭೪ರ ಭೂಸುಧಾರಣೆಯ ಕಾನೂನಿನಿಂದ ಉಳುವವನೇ ಹೊಲದೊಡೆಯನಾದಾಗ ಈ ಮನೆಗೂ ಗದ್ದೆ ಬಂದಿತು. ಕೆಲವು ವರ್ಷಗಳಲ್ಲಿ ಮಗನು ಒಂದು ಜೊತೆ ಕೋಣಗಳನ್ನು ಕೊಂಡು ತಾನೇ ಸಾಕಿ, ತಾನೇ ಓಡಿಸತೊಡಗಿದನು.

“ಧ್ವನಿವರ್ಧಕದಲ್ಲಿ ನನ್ನ ಹೆಸರನ್ನು ಎರಡು ಸಲ ಕೂಗುತ್ತಿದ್ದರು, ಯಜಮಾನನೆಂದೊಮ್ಮೆ, ಓಡಿಸುವವನೆಂದೊಮ್ಮೆ. ಅಪ್ಪ ಅದನ್ನು ಕೇಳಲೆಂದೇ ಬರುತ್ತಿದ್ದರು.”

“ಲಾಭವಿತ್ತೇ, ಅಜ್ಜರೇ?” ಎಂದು ಅಳಿಯನು ಕೇಳಿದನು.

“ಲಾಭವೆಲ್ಲಿಯದು! ಹುರುಳಿ, ಎಣ್ಣೆ, ಲಾರಿಯ ಬಾಡಿಗೆ; ಮೊದಲ ಬಹುಮಾನ ಎರಡು ಪವನು ಚಿನ್ನ. ಅದು ನಮಗೆ ಬಂದುದು ಒಂದೇ ಸಲ.” ಅವರ ಧ್ವನಿ ತಗ್ಗಿತು. “ಆ ರಾತ್ರಿ ಕೊನೆಯ ಓಟದಲ್ಲಿ ಆಸೆಗೆ ಬಿದ್ದು ಬೆತ್ತವನ್ನು ಬಲವಾಗಿ ಬೀಸಿದೆ. ಗೆದ್ದೆವು. ಮನೆಗೆ ಬಂದು ಹಟ್ಟಿಯಲ್ಲಿ ಎಣ್ಣೆ ತಿಕ್ಕುವಾಗ ಬಾಸುಂಡೆಗಳು ನನ್ನ ಕೈಗೇ ಸಿಕ್ಕಿದವು. ಪರರ ಕೋಣವಾಗಿದ್ದರೆ ಕಾಣುತ್ತಲೇ ಇರಲಿಲ್ಲ. ಕೂಲಿ ತೆಗೆದುಕೊಂಡು ಮಲಗಿಬಿಡುತ್ತಿದ್ದೆ. ಹೊಡೆದವನೂ ನಾನೇ, ಮದ್ದು ಹಚ್ಚುವವನೂ ನಾನೇ. ಮುಂದೆ ನಾನು ಬೆತ್ತ ಹಿಡಿಯಲಿಲ್ಲ. ಮುಂದೆ ನಾವು ಗೆಲ್ಲಲೂ ಇಲ್ಲ.”

ಈ ಬೆತ್ತದ ಪ್ರಶ್ನೆಯೇ ತರುವಾಯ ನ್ಯಾಯಾಲಯದವರೆಗೂ ಹೋಯಿತು. ಸುಪ್ರೀಂ ಕೋರ್ಟಿನ ೨೦೧೪ರ ತೀರ್ಪಿನ ಫಲವಾಗಿ ಕಂಬಳಕ್ಕೆ ತಡೆಯೊದಗಿ, ರಾಜ್ಯವು ಕಾನೂನನ್ನು ತಿದ್ದಿತು. ಆ ತಿದ್ದುಪಡಿಯನ್ನು ಅದೇ ನ್ಯಾಯಾಲಯವು ೨೦೨೩ರಲ್ಲಿ ಎತ್ತಿಹಿಡಿಯಿತು. ಅಷ್ಟರಲ್ಲಿ ವೃದ್ಧರ ಹಟ್ಟಿ ಬರಿದಾಗಿತ್ತು. ಗದ್ದೆಗೆ ಟಿಲ್ಲರು ಬಂದು ಕೋಣಗಳಿಗೆ ಉಳುವ ಕೆಲಸವಿಲ್ಲವಾಯಿತು, ಮಕ್ಕಳು ಮುಂಬಯಿ ಸೇರಿದರು, ಮೊಣಕಾಲು ಸೋತಿತು. ಜೊತೆಯನ್ನು ಕಂಬಳದ ಮನೆಯೊಂದಕ್ಕೆ ಕೊಟ್ಟುಬಿಟ್ಟರು. ಜಗಲಿಯ ತೊಲೆಯಲ್ಲಿ ನೊಗವೊಂದು ಮಾತ್ರ ಉಳಿದಿದೆ.

ಗುಳ್ಳವನ್ನು ತೂಗಿ, ತೂಕದ ಮೇಲೆ ಇನ್ನೆರಡನ್ನು ನಮ್ಮ ಚೀಲಕ್ಕೆ ಹಾಕಿದರು. ಹೊರಡುವಾಗ ಅಳಿಯನು, “ಈಗಲೂ ಕಂಬಳಕ್ಕೆ ಹೋಗುವುದುಂಟೇ?” ಎಂದು ಕೇಳಿದನು.

“ಹೋಗದೆ ಉಂಟೇ? ಆದರೆ ಓಟವನ್ನು ನೋಡುವುದಿಲ್ಲ, ಮಗಾ. ಮಂಜೊಟ್ಟಿಯಲ್ಲಿ ನಿಂತು, ಏರಿಬಂದ ಕೋಣಗಳ ಬೆನ್ನನ್ನು ನೋಡುತ್ತೇನೆ.”

ಕಟಪಾಡಿಯು ಬರುವವರೆಗೆ ನಮ್ಮ ಅಳಿಯನು ಮೋಟಾರಿನ ಮಾತನ್ನೆತ್ತಲಿಲ್ಲ.