ಮೂರನೇ ಡಬ್ಬಿ

ತೀರ್ಥಹಳ್ಳಿಯ ನಮ್ಮ ಅಡುಗೆಮನೆಯಲ್ಲಿ ಡಬ್ಬಿಗಳಿಗೆ ಹೆಸರಿರಲಿಲ್ಲ, ಜಾಗವಿತ್ತು. ತವರಿಗೆ ಹೊರಟ ಅಮ್ಮ ಅಪ್ಪನಿಗೆ ಹೇಳುತ್ತಿದ್ದುದು ಇಷ್ಟೇ: "ಎರಡನೇದು ಉಪ್ಪು, ಮೂರನೇದು ಸಕ್ಕರೆ, ನೆನಪಿರಲಿ." ಒಮ್ಮೆ ಬಸ್ಸಿನ ಗಡಿಬಿಡಿಯಲ್ಲಿ ಸಾಲಿನ ಮೊದಲಿಗೆ ರವೆ ಡಬ್ಬಿ ತುರುಕಿ ಹೋದಳು. ಮರುದಿನ ಅಪ್ಪ ಉಪ್ಪಿನ ಕಾಫಿ ಕುಡಿದರು. ಪೂರ್ತಿ ಕುಡಿದರು ಎನ್ನುವುದು ಅವರ ದಾಂಪತ್ಯದ ವಿಷಯ, ನನಗೆ ಬೇಡ.

ಇಪ್ಪತ್ತು ವರ್ಷದ ಮೇಲೆ ಬೆಂಗಳೂರಿನಲ್ಲಿ ಸೀರೆ ಮಾರುವವರಿಗೆ ಜಾವಾ ಕೋಡ್ ಬರೆಯುತ್ತಾ ನಾನೂ ಅದನ್ನೇ ಮಾಡಿದೆ. ಆರ್ಡರ್‌ಗಳ ಸ್ಥಿತಿಗೊಂದು ಎನಮ್, ಅಂದರೆ ಹೆಸರುಗಳ ಸಾಲು, ಇತ್ತು: ಬಂತು, ಹೊರಟಿತು, ತಲುಪಿತು, ವಾಪಸು. ಬೇರೆ ಹೇಳದಿದ್ದರೆ, ಜಾವಾದ ವಸ್ತುಗಳನ್ನು ಡೇಟಾಬೇಸಿಗೆ ಇಳಿಸುವ ಜೆಪಿಎ ಅಲ್ಲಿ ಹೆಸರು ಬರೆಯುವುದಿಲ್ಲ. 0, 1, 2, 3 ಎಂದು ಸಾಲಿನ ಸಂಖ್ಯೆಯನ್ನಷ್ಟೇ ಗೀಚುತ್ತದೆ. ನಾನು 'ಹೊರಟಿತು' ಎಂಬುದಕ್ಕಿಂತ ಮುಂಚೆ 'ಪ್ಯಾಕ್ ಆಯಿತು' ಎಂದು ಒಂದನ್ನು ತುರುಕಿದೆ. ಬೆಳಗಾಗುವಷ್ಟರಲ್ಲಿ ಎಂದೋ ತಲುಪಿದ ಸೀರೆಗಳೆಲ್ಲ ಮತ್ತೆ ಹೊರಟಿದ್ದವು. ಬೇಡವೆಂದು ವಾಪಸು ಕಳಿಸಿದವರಿಗೆ "ತಲುಪಿತು, ಧನ್ಯವಾದ" ಎಂಬ ಮೆಸೇಜು. ಮ್ಯಾನೇಜರ್ ಕೂಗುತ್ತಿದ್ದರೆ ನನ್ನ ನಾಲಿಗೆಗೆ ಉಪ್ಪಿನ ಕಾಫಿ.

ಜಾವಾದ ಸ್ವಂತ ಸೀರಿಯಲೈಸೇಶನ್ (ವಸ್ತುಗಳನ್ನು ಮೂಟೆ ಕಟ್ಟಿ ಉಳಿಸುವ, ಕಳಿಸುವ ವಿಧಾನ) ಈ ವಿಷಯದಲ್ಲಿ ಜಾಣ. 2004ರಲ್ಲಿ ಎನಮ್ ಬಂದಾಗಿನಿಂದಲೂ ಅದು ಬರೆದಿಡುವುದು ಹೆಸರನ್ನೇ. ಸಾಲು ಎಷ್ಟು ಹಿಂದೆ ಮುಂದೆ ಆದರೂ ಉಪ್ಪು ಉಪ್ಪೇ. (ಹೆಸರನ್ನೇ ಬದಲಿಸಿದಿರೋ, ಮುನಿಸಿಕೊಳ್ಳುತ್ತದೆ.)

ಅಮ್ಮ ತೀರಿಹೋದ ವರ್ಷ ಊರಿನ ಮನೆ ಖಾಲಿ ಮಾಡಿದೆವು. ಸಾಮಾನು ಕಟ್ಟುವಾಗ ಜಾವಾದ ಪಟ್ಟಿ, ಅರೇಲಿಸ್ಟ್, ನೆನಪಾಯಿತು. ಅದು ಒಳಗೆ ಬೇಕಾದ್ದಕ್ಕಿಂತ ಹೆಚ್ಚು ಜಾಗ ಹಿಡಿದಿಟ್ಟುಕೊಂಡಿರುತ್ತದೆ, ನಾಳೆ ಯಾರಾದರೂ ಬಂದಾರು ಎಂದು. ಮೂಟೆ ಕಟ್ಟುವಾಗ ಮಾತ್ರ ಇದ್ದವರನ್ನಷ್ಟೇ ಎಣಿಸಿ ಒಯ್ಯುತ್ತದೆ. ಖಾಲಿ ಜಾಗ ಅಲ್ಲೇ ಉಳಿಯುತ್ತದೆ. ಕೀಲಿ ಕೊಟ್ಟರೆ ಮೌಲ್ಯ ಹುಡುಕಿಕೊಡುವ ಹ್ಯಾಶ್‌ಮ್ಯಾಪ್ ಅಂತೂ ಯಾವುದು ಯಾವ ಗೂಡಿನಲ್ಲಿತ್ತು ಎಂಬುದನ್ನೂ ಬರೆದಿಡುವುದಿಲ್ಲ. ಕೀಲಿ, ಮೌಲ್ಯಗಳನ್ನು ಜೋಡಿ ಜೋಡಿಯಾಗಿ ಕಳಿಸಿ, ಹೊಸ ಮನೆಯಲ್ಲಿ ಒಂದೊಂದನ್ನೇ ಹೊಸದಾಗಿ ಜೋಡಿಸಿಕೊಳ್ಳುತ್ತದೆ. ನಾವೂ ಹಾಗೇ ಜೋಡಿಸಿದೆವು. ಗೋಡೆಯ ಮರದ ಹಲಗೆ ಬರಲಿಲ್ಲ. ಅದರ ಮೇಲೆ ಡಬ್ಬಿ ಕೂತೂ ಕೂತೂ ಬಿದ್ದಿದ್ದ ಎಣ್ಣೆಯ ಉಂಗುರಗಳೂ ಬರಲಿಲ್ಲ.

ಫ್ಲಾಟಿನಲ್ಲಿ ಎಲ್ಲ ಡಬ್ಬಿಗೂ ನಾನೇ ಚೀಟಿ ಅಂಟಿಸಿದ್ದೇನೆ, ದಪ್ಪ ಅಕ್ಷರದಲ್ಲಿ. ಅಪ್ಪ ಓದುವುದಿಲ್ಲ. ಎಡದಿಂದ ಎಣಿಸಿ ಮೂರನೇದನ್ನು ತೆಗೆದು, ಚಿಟಿಕೆ ನಾಲಿಗೆಗಿಟ್ಟು ನೋಡಿ, ಆಮೇಲೇ ಕಾಫಿ ಬೆರೆಸುತ್ತಾರೆ.