ಎರಡನೆಯ ಕೊಕ್ಕೆ

ಶೆಡ್ಡಿನ ತಗಡು ಆಗಲೇ ಕಾದಿದೆ. ರೆಸಿನ್ನಿನ ಘಾಟು ಗಂಟಲು ಹಿಡಿಯುತ್ತಿದೆ. ಮೊಣಕೈಗೆ ಅಂಟಿದ ಫೈಬರ್ ಪುಡಿ ಬೆವರಿಗೆ ಸೇರಿ ಕಡಿಯುತ್ತಿದೆ, ಕೆರೆದುಕೊಳ್ಳುವ ಹಾಗಿಲ್ಲ, ಎರಡೂ ಕೈ ಡ್ರಿಲ್ಲಿನ ಮೇಲಿವೆ.

"ನಿಧಾನ ಅಣ್ಣಾ" ಅನ್ನುತ್ತಾನೆ ಟಾರ್ಚ್ ಹಿಡಿದ ಹುಡುಗ.

ಬೆರಳಿನಗಲ ಆಚೆಗೇ ಕ್ಯಾನಪಿಯ, ಅಂದರೆ ಚಾಲಕನ ತಲೆಯ ಮೇಲಿನ ಪಾರದರ್ಶಕ ಮುಚ್ಚಳದ, ಅಕ್ರಿಲಿಕ್. ಬಿಟ್ ಜಾರಿ ಅದಕ್ಕೆ ತಾಗಿದರೆ ಸಣ್ಣ ಸೀಳು ಬೀಳುತ್ತದೆ, ಸೀಳು ತಾನಾಗಿ ಉದ್ದವಾಗುತ್ತದೆ, ತಿಂಗಳುಗಟ್ಟಲೆ ಕೆಲಸ ಕಸಕ್ಕೆ. ಫೈಬರ್ ಕೊರೆಯುವಾಗ ಮೊದಲು ಕೀರಲು ದನಿ, ಆಮೇಲೆ ಫಕ್ಕನೆ ಸಡಿಲ. ಆ ಸಡಿಲಕ್ಕಾಗಿಯೇ ಉಸಿರು ಕಟ್ಟಿ ಕಾಯುತ್ತಿದ್ದೀರಿ. ಬಂತು. ತೂತು ನೆಟ್ಟಗಿದೆ.

ಹೊರಗೆ ಹೊಸೂರು-ತಳಿ ರಸ್ತೆ. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಹಂಸ ವಿಮಾನಗಳನ್ನು ತನೇಜಾ ಏರೋಸ್ಪೇಸ್ ತಯಾರಿಸಿದ ಬೆಳಗೊಂಡಪಲ್ಲಿ ಇದೇ ಸೀಮೆಯಲ್ಲಿದೆ. ನಿಮ್ಮ ಮುಂದಿರುವುದು ಕಾರ್ಖಾನೆಯ ವಿಮಾನವಲ್ಲ. ಬರ್ಟ್ ರುಟಾನ್ ರೂಪಿಸಿದ, 1979ರಲ್ಲಿ ಮೊದಲು ಹಾರಿದ ಲಾಂಗ್-ಈಜಿ; ನಕ್ಷೆ ನೋಡಿಕೊಂಡು ಮನೆಯಲ್ಲೇ ಕಟ್ಟುವಂಥದ್ದು. 1980ರ ದಶಕದಲ್ಲಿ ಎನ್‌ಎಎಲ್ ತನ್ನ ಹಗುರ ಸಂಶೋಧನಾ ವಿಮಾನಕ್ಕೆ ಆಧಾರವಾಗಿ ತೆಗೆದುಕೊಂಡದ್ದೂ ಇದನ್ನೇ. ಪುಟ್ಟ ರೆಕ್ಕೆ ಮೂತಿಯ ಬಳಿ, ಪ್ರೊಪೆಲ್ಲರ್ ನಿಮ್ಮ ಬೆನ್ನ ಹಿಂದೆ. ಕ್ಯಾನಪಿ ಕಿತ್ತುಹೋದರೆ ಅದು ಹೋಗುವುದು ಪ್ರೊಪೆಲ್ಲರಿನತ್ತಲೇ.

ಮುಖ್ಯ ಚಿಲಕ ಆಗಲೇ ಕೂತಿದೆ. ಎಡಗಡೆಯ ಹಿಡಿ ಒತ್ತಿದರೆ ಒಂದೇ ಸರಳಿಗೆ ಕಟ್ಟಿದ ಕೊಕ್ಕೆಗಳು ಒಟ್ಟಿಗೆ ಕಚ್ಚಿಕೊಳ್ಳುತ್ತವೆ. ಕಟಕ್. ಈಗ ಕೂರಿಸುತ್ತಿರುವುದು ಎರಡನೆಯದು, ಆ ಹಿಡಿ ಒತ್ತಲು ಮರೆತ ದಿನಕ್ಕಾಗಿ. ಚಿಲಕ ಹಾಕದ ಕ್ಯಾನಪಿ ತನ್ನ ಭಾರಕ್ಕೇ ತೆಪ್ಪಗೆ ಕೂತಿರುತ್ತದೆ. ವೇಗ ಏರಿ, ಉಬ್ಬಿದ ಮೈಯ ಮೇಲೆ ಗಾಳಿಯ ಒತ್ತಡ ತಗ್ಗಿದಾಗ, ಸರಿಯಾಗಿ ನೆಲ ಬಿಡುವ ಹೊತ್ತಿಗೆ ಏಳುತ್ತದೆ. ಹೀಗೆ ಪ್ರಾಣ ಬಿಟ್ಟವರಿದ್ದಾರೆ. ಎರಡನೆಯ ಕೊಕ್ಕೆ ಅದನ್ನು ತುಸು ಎದ್ದಲ್ಲೇ ತಡೆದು ನಿಲ್ಲಿಸುತ್ತದೆ.

ಅಂಗೈಯಲ್ಲಿ ಎರಡು ಸ್ಪ್ರಿಂಗ್. ಗಟ್ಟಿಯದನ್ನು ಹಾಕಿದರೆ ಕೊಕ್ಕೆ ಜಗ್ಗುವುದಿಲ್ಲ. ಆದರೆ ವಿಮಾನ ಮಗುಚಿ, ಪೆಟ್ರೋಲ್ ವಾಸನೆ ಮೂಗಿಗೆ ಬಡಿದು, ಒಂದೇ ಕೈ ಆಡುವಾಗ ಅದನ್ನು ಬಿಡಿಸಲಾದೀತೇ? ಮೆತ್ತನೆಯದು ಸಲೀಸಾಗಿ ಬಿಡುತ್ತದೆ, ಕುಲುಕಾಟಕ್ಕೂ ಬಿಟ್ಟೀತು. ಗಟ್ಟಿಯದನ್ನು ಒಂದು ಬೆರಳಿಂದ ಒತ್ತುತ್ತೀರಿ. ಉಗುರು ಬೆಳ್ಳಗಾಗುತ್ತದೆ, ಆದರೂ ಬಗ್ಗುತ್ತದೆ. ಇರಲಿ, ಇದೇ.

ಬೋಲ್ಟ್ ಬಿಗಿದು ಒಳಗೆ ಇಳಿಯುತ್ತೀರಿ. ಹುಡುಗ ಬಲಗಡೆಯ ಕೀಲಿನ ಮೇಲೆ ಕ್ಯಾನಪಿ ಮಡಚಿ ಮುಚ್ಚುತ್ತಾನೆ. ಹೊರಗಿನ ಸದ್ದು ಅಡಗುತ್ತದೆ. ನಿಮ್ಮ ಉಸಿರೇ ಬಿಸಿಯಾಗಿ ಮುಖಕ್ಕೆ ಮರಳುತ್ತದೆ. ಹಿಡಿ ಒತ್ತುವುದಿಲ್ಲ, ಬೇಕೆಂದೇ. ಎಡಗೈ ಥ್ರಾಟಲ್ ಮೇಲೆ, ಬಲಗೈ ಪಕ್ಕದ ಸ್ಟಿಕ್ ಮೇಲೆ. ಕಣ್ಣು ಮುಚ್ಚಿ ರನ್‌ವೇ ನೆನೆಯುತ್ತೀರಿ. ಐವತ್ತು ನಾಟ್. ಅರವತ್ತು. ಮೂತಿ ಹಗುರಾಯಿತು. ನೆಲ ಬಿಟ್ಟಿತು.

ಧಡ್!

ಹುಡುಗ ಹೊರಗಿಂದ ಕ್ಯಾನಪಿ ಎತ್ತಿದ್ದಾನೆ. ಬೆಳಕು ನುಗ್ಗುತ್ತದೆ, ಎದೆ ಹಾರುತ್ತದೆ, ಎಡಗೈ ಥ್ರಾಟಲ್ ಬಿಟ್ಟು ಮೇಲಕ್ಕೆ ಚಿಮ್ಮಿ ಚೌಕಟ್ಟು ಹಿಡಿದಾಗಿದೆ. ಬಲಗೈ? ಮೈ ತಿರುಚಿದ ರಭಸಕ್ಕೆ ಸ್ಟಿಕ್ಕನ್ನು ಹಿಂದಕ್ಕೆ ಎಳೆದುಬಿಟ್ಟಿದೆ. ನಿಜಕ್ಕೂ ಹಾರುತ್ತಿದ್ದರೆ ನೆಲದಿಂದ ಮೂವತ್ತಡಿ ಎತ್ತರದಲ್ಲಿ ಮೂತಿ ಆಕಾಶಕ್ಕೆದ್ದು ವೇಗ ಬೀಳುತ್ತಿರುತ್ತಿತ್ತು. ಇತ್ತ ಕೊಕ್ಕೆ ತನ್ನ ಕೆಲಸ ಮಾಡಿ ಕ್ಯಾನಪಿಯನ್ನು ಹಿಡಿದೇ ನಿಂತಿದೆ. ನಿಮ್ಮ ಕೈಯ ನೆರವು ಅದಕ್ಕೆ ಬೇಕಿರಲಿಲ್ಲ.

ಮೈ ಇನ್ನೂ ಅದನ್ನು ನಂಬಿಲ್ಲ. ಲೋಹಕ್ಕೆ ಕಲಿಸಿದ್ದಾಯಿತು; ಕೈಗೆ ಕಲಿಸುವುದು ಬಾಕಿ. ತೆರೆದುಕೊಂಡ ಕ್ಯಾನಪಿಯಿಂದ ಗಾಳಿ ಅಬ್ಬರಿಸಲಿ, ಕಾಗದ ಹಾರಲಿ, ಕಿವಿ ಗುಂಯ್‌ಗುಟ್ಟಲಿ, ಮೊದಲು ವಿಮಾನ ಹಾರಿಸಬೇಕು. ಸುತ್ತು ಹಾಕಿ ಇಳಿದ ಮೇಲೆ ಮುಚ್ಚಿದರಾಯಿತು.

"ಸಾಕಾ ಅಣ್ಣಾ?"

"ಇಲ್ಲ, ಮತ್ತೆ ಎತ್ತು. ಯಾವಾಗ ಅಂತ ಹೇಳ್ಬೇಡ."