ಭಾನುವಾರ ಸಂಜೆಯ ತಲೆನೋವು

ನಮ್ಮ ಆಫೀಸಿನಲ್ಲಿ ಮನಸ್ಸು ಸರಿಯಿಲ್ಲ ಅಂದ್ರೆ ಫೋನ್ ಮಾಡೋಕೆ ಒಂದು ನಂಬರ್ ಇದೆ. ಕಂಪನಿಯೇ ದುಡ್ಡು ಕೊಟ್ಟು ಕೌನ್ಸೆಲರ್ ಇಟ್ಟಿದೆ. ಮ್ಯಾನೇಜರ್‌ಗೂ ಗೊತ್ತಾಗಲ್ಲ. ಸಂಬಳ ತಗೊಳ್ಳೋ ನಮಗೆ ಇಷ್ಟೆಲ್ಲಾ ಇದೆ. ಹದಿನಾಲ್ಕು ವರ್ಷದ ಹುಡುಗನಿಗೆ ಏನಿದೆ? ಈ ಪ್ರಶ್ನೆ ನನ್ನ ತಲೆಗೆ ಹತ್ತಿಸಿದ್ದು ಅಕ್ಕನ ಮಗ.

ಅಕ್ಕನ ಮನೆಯೂ ಕುಮಾರಸ್ವಾಮಿ ಲೇಔಟ್‌ನಲ್ಲೇ, ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ. ಹುಡುಗ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪ್ರತಿ ಭಾನುವಾರ ಸಂಜೆ ತಲೆನೋವು ಶುರುವಾಯ್ತು. ಕಣ್ಣಿನ ಡಾಕ್ಟರ್ ನೋಡಿ ಏನೂ ತೊಂದರೆಯಿಲ್ಲ ಅಂದ್ರು. ಅಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದ್ರು. ಭಾವ ಮೊಬೈಲ್ ಕಿತ್ಕೊಂಡ್ರು. ತಲೆನೋವು ಮಾತ್ರ ಹೋಗಲಿಲ್ಲ, ಸೋಮವಾರದ ರಜೆಗಳು ಹೆಚ್ಚಾದವು.

ಒಂದು ಸಂಜೆ ಹಾಲು ತರೋಕೆ ಜೊತೆಗೆ ಬಂದವನು ತಾನಾಗೇ ಹೇಳಿದ: "ಮಾಮ, ಸ್ಕೂಲ್ ಗೇಟ್ ನೋಡಿದ್ರೆ ಉಸಿರು ಕಟ್ಟುತ್ತೆ. ಮಾರ್ಕ್ಸ್ ನೋಡಿ ಸೆಕ್ಷನ್ ಮಾಡಿದ್ದಾರೆ. ನಮ್ಮದು ಕೊನೇದು, ದಡ್ಡರ ಸೆಕ್ಷನ್ ಅಂತಾರೆ. ಒಂದೊಂದ್ಸಲ ನಾನು ಇರೋದೇ ಬೇಡ ಅನ್ಸುತ್ತೆ."

ನಾನು ಅವನನ್ನ ಮನೆಗೆ ಬಿಟ್ಟು, ಅಕ್ಕನಿಗೆ ಜೊತೆಯಲ್ಲೇ ಇರೋಕೆ ಹೇಳಿ, 14416ಕ್ಕೆ ಫೋನ್ ಮಾಡಿದೆ. ಇದು ಟೆಲಿ ಮಾನಸ್, ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇದ್ದ ಹೆಣ್ಣುಮಗಳು ಮೊದಲು ಕೇಳಿದ್ದು, "ಹುಡುಗ ಈಗ ಒಬ್ಬನೇ ಇದ್ದಾನಾ?" ಆಮೇಲೆ ಹೇಳಿದ್ರು: ವಿಚಾರಣೆ ಮಾಡಬೇಡಿ, ಕೇಳಿಸ್ಕೊಳ್ಳಿ; ಅಪ್ಪ ಅಮ್ಮ ಇಬ್ಬರಿಗೂ ಇವತ್ತೇ ತಿಳಿಸಿ; ತಡಮಾಡದೆ ಮಕ್ಕಳ ಮನೋವೈದ್ಯರಿಗೆ ತೋರಿಸಿ.

ಭಾವ ಒಪ್ಪಲಿಲ್ಲ. "ನಿಮ್ಹಾನ್ಸಾ? ಬೀದಿಯವರು ಏನಂತಾರೆ?" ಅಂದ್ರು. ಅಕ್ಕ ಒಂದೇ ಮಾತು ಕೇಳಿದಳು: "ಜ್ವರ ಬಂದ್ರೆ ಬೀದಿಯವರನ್ನ ಕೇಳ್ಕೊಂಡು ಡಾಕ್ಟರ್ ಹತ್ರ ಹೋಗ್ತೀವಾ?" ಮಾರನೇ ದಿನ ಮೂವರೂ ಹೋದ್ರು. ಮಕ್ಕಳಿಗೆ ಅಲ್ಲಿ ಬೇರೆಯೇ ವಿಭಾಗ ಇದೆ. ದೊಡ್ಡಾಸ್ಪತ್ರೆ ಗೇಟು ದಾಟೋಕೆ ಹಿಂಜರಿಯುವವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದ್ದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಕೂಡ ಇದೆ.

ಇದು ಒಬ್ಬ ಹುಡುಗನ ಕಥೆಯಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆ ಕಂಡಿತ್ತು. ಅಂದ್ರೆ 40 ಮಕ್ಕಳ ಕ್ಲಾಸಿನಲ್ಲಿ ಸುಮಾರು ಮೂವರು. ಅಕ್ಕ ಸ್ಕೂಲಿಗೆ ಹೋಗಿ ವಿಚಾರಿಸಿದಾಗ ಕೌನ್ಸೆಲರ್ ಅಂತ ಬೋರ್ಡ್ ಇದ್ದ ರೂಮಿಗೆ ಬೀಗ ಹಾಕಿತ್ತು. ಅವರು ಬರೋದು ವಾರಕ್ಕೆ ಒಂದು ದಿನವಂತೆ.

ಈಗ ಹಾಗೆ ಹೇಳಿ ಸುಮ್ಮನಾಗೋ ಹಾಗಿಲ್ಲ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿದ್ದರೆ ತರಬೇತಾದ ಒಬ್ಬ ಕೌನ್ಸೆಲರ್, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರಾದ್ರೂ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆರಡು ಸಲ ತರಬೇತಿ ಕೊಡಬೇಕು. ಸಹಾಯವಾಣಿ ನಂಬರ್ ಎದ್ದುಕಾಣುವಂತೆ ಹಾಕಬೇಕು. ಮಾರ್ಕ್ಸ್ ಆಧಾರದ ಮೇಲೆ ಮಕ್ಕಳನ್ನ ಬೇರೆ ಮಾಡೋದನ್ನ ಆದಷ್ಟೂ ಬಿಡಬೇಕು ಅಂತಲೂ ಅದರಲ್ಲಿದೆ. ಅಕ್ಕ ಇದರ ಪ್ರಿಂಟ್ ತಗೊಂಡು ಇನ್ನೂ ನಾಲ್ಕು ಪೇರೆಂಟ್ಸ್ ಜೊತೆ ಹೋದಳು. ಕೌನ್ಸೆಲರ್ ಈಗ ವಾರಕ್ಕೆ ಮೂರು ದಿನ ಬರ್ತಾರೆ. ಸೆಕ್ಷನ್ ವಿಷಯದಲ್ಲಿ ಮ್ಯಾನೇಜ್‌ಮೆಂಟ್ "ನೋಡೋಣ" ಅಂದಿದೆ.

ಹುಡುಗನಿಗೆ ಎಲ್ಲಾ ಸರಿಹೋಯ್ತು ಅಂತ ಹೇಳಲ್ಲ. ಕೆಲವು ಸೋಮವಾರ ಈಗಲೂ ಕಷ್ಟ. ಆದ್ರೆ ಕಷ್ಟ ಅಂತ ಬಾಯಿಬಿಟ್ಟು ಹೇಳ್ತಾನೆ. ಭಾವ ರಜೆ ಹಾಕಿ ಅವನನ್ನ ಡಾಕ್ಟರ್ ಹತ್ರ ತಾವೇ ಕರ್ಕೊಂಡು ಹೋಗ್ತಾರೆ.

ನಮ್ಮ ವಯಸ್ಸಿನ ಎಷ್ಟೋ ಜನಕ್ಕೆ ಇನ್ನೂ ಮಕ್ಕಳಿಲ್ಲ. ಆದರೂ ನಾವು ಯಾರಿಗೋ ಮಾಮ, ಚಿಕ್ಕಮ್ಮ, ಪಕ್ಕದ ಮನೆ ಅಣ್ಣ. ಮಾರ್ಕ್ಸ್ ಕಾರ್ಡಿಗೆ ಸೈನ್ ಹಾಕದವರ ಹತ್ರ ಮಕ್ಕಳು ಸ್ವಲ್ಪ ಸಲೀಸಾಗಿ ಮಾತಾಡ್ತಾರೆ. ಈ ವಾರ ಅಂಥ ಒಂದು ಮಗು ಸಿಕ್ಕರೆ ಪರ್ಸೆಂಟೇಜ್ ಕೇಳಬೇಡಿ. ಹಾಲು ತರೋಕೆ ಜೊತೆಗೆ ಕರ್ಕೊಂಡು ಹೋಗಿ. 14416 ಅನ್ನೋ ನಂಬರನ್ನ ಈಗಲೇ ಫೋನಿನಲ್ಲಿ ಸೇವ್ ಮಾಡ್ಕೊಳ್ಳಿ.